ಮಳೆ ನೋಡಿ ಲಂಕೆಗೆ ಹೊರಡಿ

ಶ್ರೀಲಂಕಾಕ್ಕೆ ಹೋಗಲು ಯಾವ ತಿಂಗಳು ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ಯಾವ ಭಾಗಕ್ಕೆ ಹೋಗುತ್ತೀರಿ ಎಂದು ನಾನು ತಿರುಗಿ ಕೇಳುತ್ತೇನೆ. ದೇಶ ಸಣ್ಣದು. 65,610 ಚದರ ಕಿಲೋಮೀಟರ್, ಹೆಚ್ಚುಕಡಿಮೆ ಕರ್ನಾಟಕದ ಮೂರರಲ್ಲಿ ಒಂದು ಪಾಲು. ಇಷ್ಟೇ ನೆಲಕ್ಕೆ ವರ್ಷದಲ್ಲಿ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮಳೆ ಕೊಲಂಬೊ, ಗಾಲೆ, ಬೆಟ್ಟಗಳ ಪಶ್ಚಿಮದ ಇಳಿಜಾರನ್ನೆಲ್ಲ ತೋಯಿಸುತ್ತದೆ. ದೇಶದ ನಡುವಿನ ಬೆಟ್ಟಗಳು ಮೋಡವನ್ನು ಅಲ್ಲೇ ತಡೆಯುವುದರಿಂದ ಆಚೆ ಬದಿಯ ಅನುರಾಧಪುರ, ಪೊಲೊನ್ನರುವ, ತ್ರಿಂಕೋಮಲಿಗಳಲ್ಲಿ ಅದೇ ತಿಂಗಳುಗಳು ಒಣ ಬಿಸಿಲಿನವು. ಆಗುಂಬೆಯಲ್ಲಿ ಧೋ ಎಂದು ಸುರಿಯುವ ದಿನವೇ ಚಿತ್ರದುರ್ಗದಲ್ಲಿ ಧೂಳೇಳುವ ಹಾಗೆ. ಡಿಸೆಂಬರ್ ಹೊತ್ತಿಗೆ ಗಾಳಿ ಈಶಾನ್ಯದಿಂದ ಬೀಸತೊಡಗುತ್ತದೆ. ಆಗ ಮಳೆ ಉತ್ತರ ಮತ್ತು ಪೂರ್ವಕ್ಕೆ, ಬಿಸಿಲು ದಕ್ಷಿಣದ ಕಡಲತೀರಕ್ಕೆ. ಇವೆರಡರ ಸಂದಿನ ಅಕ್ಟೋಬರ್, ನವೆಂಬರ್‌ನಲ್ಲಿ ಇಡೀ ದ್ವೀಪಕ್ಕೆ ಮಳೆ. ಬಂಗಾಳಕೊಲ್ಲಿಯ ಚಂಡಮಾರುತದ ಭಯವೂ ಆಗಲೇ.

ಹಾಗಾಗಿ ಹನ್ನೆರಡು ತಿಂಗಳಿಗೂ ಒಂದೇ ಪಟ್ಟಿ ಹಿಡಿದು ಕೊಲಂಬೊ, ಕ್ಯಾಂಡಿ, ನುವರ ಎಲಿಯ, ಬೆಂತೋಟ ಎಂದು ಓಡಿಸುವ ಪ್ಯಾಕೇಜುಗಳ ಮೇಲೆ ನನಗೆ ನಂಬಿಕೆಯಿಲ್ಲ. ಜೂನ್ ತಿಂಗಳಲ್ಲಿ ಬೆಂತೋಟದ ಹೋಟೆಲಿಗೆ ದುಡ್ಡು ಕಟ್ಟಿ, ಕೆಂಪು ಬಾವುಟ ನೆಟ್ಟ ಸಮುದ್ರವನ್ನು ಕಿಟಕಿಯಿಂದ ನೋಡಿ ಬಂದವರು ನನ್ನ ಬಳಗದಲ್ಲೇ ಇದ್ದಾರೆ. ಅದೇ ವಾರ ಅದೇ ದುಡ್ಡಿಗೆ ತ್ರಿಂಕೋಮಲಿಯಲ್ಲಿ ಕಡಲು ತಿಳಿಯಾಗಿ ನಿಂತಿರುತ್ತದೆ.

ನಾನು ಸಣ್ಣ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತಳಾದವಳು. ಚನ್ನಗಿರಿ, ಹೊನ್ನಾಳಿ, ಶಿಕಾರಿಪುರ ಸುತ್ತಿನ ಕೆರೆಗಳ ಏರಿ, ತೂಬು, ಕೋಡಿಗಳನ್ನು ನೋಡುತ್ತಲೇ ನೌಕರಿ ಮುಗಿಯಿತು. ಲಂಕೆಗೆ ನನ್ನನ್ನು ಎಳೆದದ್ದೂ ಕೆರೆಗಳೇ. ಯಜಮಾನರಿಗೆ ಬೌದ್ಧ ಶಿಲ್ಪ ಬೇಕಿತ್ತು, ಜೊತೆಗೆ ಬರುವ ಅಕ್ಕನಿಗೆ ರೈಲು, ಚಹಾ ತೋಟ. ಮೂವರ ಆಸೆಯನ್ನೂ ಒಂದೇ ದಾರಿಗೆ ಹೊಂದಿಸುವಾಗ ನನಗೆ ಸ್ಪಷ್ಟವಾದದ್ದು ಇಷ್ಟು: ಈ ದೇಶದ ಇತಿಹಾಸವೆಲ್ಲ ಮಳೆ ಕಡಿಮೆ ಇರುವ ಬಯಲಿನಲ್ಲಿ ನಡೆದಿದೆ, ಆ ಬಯಲನ್ನು ಬದುಕಿಸಿದ್ದು ಕೆರೆ. ಅನುರಾಧಪುರ ಕ್ರಿಸ್ತಪೂರ್ವ 4ನೇ ಶತಮಾನದಿಂದ ಹೆಚ್ಚುಕಡಿಮೆ ಕ್ರಿ.ಶ. 11ನೇ ಶತಮಾನದ ಆರಂಭದವರೆಗೆ ರಾಜಧಾನಿಯಾಗಿತ್ತು. ಆಮೇಲೆ ಪೊಲೊನ್ನರುವ. ಎರಡೂ ಒಣ ನಾಡಿನ ಊರುಗಳು. ಪ್ರವಾಸದ ಅರ್ಧ ಭಾಗವನ್ನು ಈ ಕೆರೆನಾಡಿಗೆ ಕೊಟ್ಟು, ಉಳಿದರ್ಧವನ್ನು ಬೆಟ್ಟಕ್ಕೋ ಕಡಲಿಗೋ ಹಂಚಿ ಎಂಬುದೇ ನನ್ನ ಸಲಹೆ.

ನಮ್ಮ ಶಾಲಾ ರಜೆಗಳ ಲೆಕ್ಕದಲ್ಲಿ ನೋಡೋಣ. ಏಪ್ರಿಲ್ ಆರಂಭ ಪರವಾಗಿಲ್ಲ. ಬೆಟ್ಟದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಬಯಲಿನಲ್ಲಿ ಸೆಕೆ ಜಾಸ್ತಿ. ಆದರೆ ಏಪ್ರಿಲ್ 13, 14ರ ಆಸುಪಾಸು ಸಿಂಹಳ-ತಮಿಳು ಹೊಸ ವರ್ಷ. ಅಂಗಡಿ ಮುಚ್ಚಿರುತ್ತವೆ, ಊರಿಗೆ ಹೋಗುವವರಿಂದ ಬಸ್ಸು, ರೈಲು ತುಂಬಿರುತ್ತವೆ. ದಸರಾ ರಜೆ ಬೇಗ ಬಂದ ವರ್ಷ, ಅಂದರೆ ಸೆಪ್ಟೆಂಬರ್ ಕೊನೆಗೆ ಬಿದ್ದರೆ, ಕೆರೆನಾಡಿಗೂ ಪೂರ್ವ ಕಡಲಿಗೂ ಇನ್ನೂ ಅನುಕೂಲ. ಕ್ರಿಸ್‌ಮಸ್ ರಜೆಯಾದರೆ ಗಾಲೆ, ಮಿರಿಸ್ಸ ಕಡೆಯ ದಕ್ಷಿಣ ತೀರ ಚೆನ್ನ, ಆದರೆ ಯೂರೋಪಿನವರೆಲ್ಲ ಬರುವುದೂ ಆಗಲೇ. ಕೋಣೆ ಬಾಡಿಗೆ ಏರಿರುತ್ತದೆ. ಮಕ್ಕಳ ರಜೆಯ ಹಂಗಿಲ್ಲದವರು ಆಗಸ್ಟ್‌ನಲ್ಲೇ ಹೋಗಿ. ನಾವೂ ಆಗಸ್ಟ್ ಆರಿಸಿಕೊಂಡೆವು.

ಭೂಪಟ ಕಂಡು ಮೋಸಹೋಗಬಾರದ ಇನ್ನೊಂದು ವಿಷಯ ದೂರ. ಹೆದ್ದಾರಿ ಬಿಟ್ಟರೆ ಇಲ್ಲಿನ ರಸ್ತೆಗಳು ಎರಡು ಪಥದವು. ಊರಿಂದೂರಿಗೆ ಅಂಟಿಕೊಂಡ ಮನೆ, ಶಾಲೆ, ಟುಕ್‌ಟುಕ್, ರಸ್ತೆ ದಾಟುವ ಉಡ. ಗಂಟೆಗೆ 40 ಕಿಲೋಮೀಟರ್ ಸಾಗಿದರೆ ಚೆನ್ನಾಗಿ ಸಾಗಿದಂತೆ. ಬೆಟ್ಟದಲ್ಲಿ ಅದಕ್ಕೂ ಕಡಿಮೆ. ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲ್ ಎಂದು ಹಾಕಿಕೊಂಡರೆ ಬ್ಯಾಗು ಕಟ್ಟುವುದರಲ್ಲೇ ಬೆಳಗು ಕಳೆಯುತ್ತದೆ. ಬೆಂಗಳೂರಿನಿಂದ ವಿಮಾನದ ಹಾದಿ ಸುಮಾರು ಒಂದೂವರೆ ಗಂಟೆಯದು. ಇಳಿಯುವುದು ಕೊಲಂಬೊದಲ್ಲಲ್ಲ, ಅದರ ಉತ್ತರಕ್ಕೆ ಮೂವತ್ತು ಕಿಲೋಮೀಟರ್ ಮೇಲ್ಪಟ್ಟು ದೂರದ ಕಟುನಾಯಕೆಯಲ್ಲಿ. ಕೆರೆನಾಡಿನ ದಾರಿಯೂ ಉತ್ತರಕ್ಕೇ. ಹಗಲು ಇಳಿದರೆ ಕೊಲಂಬೊ ಕಡೆ ತಿರುಗದೆ ನೇರ ದಂಬುಲ್ಲಕ್ಕೆ ಹೊರಡಿ, ಸುಮಾರು ನಾಲ್ಕು ಗಂಟೆಯ ಪ್ರಯಾಣ. ರಾತ್ರಿ ಇಳಿದರೆ ಪಕ್ಕದ ನೆಗೊಂಬೊದಲ್ಲಿ ಮಲಗಿ ಬೆಳಗ್ಗೆ ಹೊರಡಿ.

ದಂಬುಲ್ಲ, ಸಿಗಿರಿಯ, ಹಬರಣ ಈ ಮೂರೂ ಹತ್ತಿರ ಹತ್ತಿರದ ಊರುಗಳು. ಯಾವುದಾದರೂ ಒಂದರಲ್ಲಿ ನಾಲ್ಕು ರಾತ್ರಿ ಒಂದೇ ಕಡೆ ಬಿಡಾರ ಹೂಡಿ. ಅಲ್ಲಿಂದ ಪೊಲೊನ್ನರುವ ಒಂದು ಗಂಟೆ ಚಿಲ್ಲರೆ, ಅನುರಾಧಪುರ ಒಂದೂವರೆಯಿಂದ ಎರಡು ಗಂಟೆ, ಮಿನ್ನೇರಿಯ ಅರ್ಧ ಗಂಟೆ. ಸಂಜೆ ಅದೇ ಕೋಣೆಗೆ ಹಿಂತಿರುಗಿ, ಅದೇ ಮನೆಯವರ ಅಡುಗೆ ಉಣ್ಣಬಹುದು. ವಯಸ್ಸಾದವರು ಜೊತೆಗಿದ್ದರೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಕಾರು ಮತ್ತು ಚಾಲಕನನ್ನು ಇಡೀ ಪ್ರವಾಸಕ್ಕೆ ಗೊತ್ತುಮಾಡುವುದು ಇಲ್ಲಿನ ರೂಢಿ. ಚಾಲಕನ ಊಟ, ವಸತಿ ಒಪ್ಪಂದದಲ್ಲಿ ಸೇರಿದೆಯೋ ಇಲ್ಲವೋ ಎಂದು ಮೊದಲೇ ಕೇಳಿಕೊಳ್ಳಿ.

ಕೆರೆನಾಡನ್ನು ಎಲ್ಲರೂ ಸಿಗಿರಿಯದಿಂದ ಶುರುಮಾಡುತ್ತಾರೆ. ನಾನು ಕಲಾ ವೇವದಿಂದ ಶುರುಮಾಡಿ ಎನ್ನುತ್ತೇನೆ. 5ನೇ ಶತಮಾನದಲ್ಲಿ ಧಾತುಸೇನ ಎಂಬ ಅರಸು ಕಟ್ಟಿಸಿದ ಕೆರೆ ಇದು. ಅವನ ಮಗ ಕಾಶ್ಯಪ ದಂಗೆಯೆದ್ದು ತಂದೆಯನ್ನು ಸೆರೆಗೆ ಹಾಕಿ, ಬಚ್ಚಿಟ್ಟ ನಿಧಿ ಎಲ್ಲಿದೆ ತೋರಿಸು ಎಂದು ಹಿಂಸಿಸಿದನಂತೆ. ಧಾತುಸೇನ ಮಗನ ಆಳುಗಳನ್ನು ಈ ಕೆರೆಗೆ ಕರೆತಂದು, ನೀರಿಗಿಳಿದು ಮಿಂದು, ತನ್ನ ಸಂಪತ್ತೆಲ್ಲ ಇದೇ ಎಂದು ನೀರನ್ನು ತೋರಿಸಿದ. ಆಮೇಲೆ ಅವನನ್ನು ಜೀವಂತವಾಗಿ ಗೋಡೆಯಲ್ಲಿ ಸೇರಿಸಿ ಮುಚ್ಚಿದರು. ಚೂಳವಂಶ ಎಂಬ ರಾಜಚರಿತೆ ಹೇಳುವ ಕಥೆ ಇದು. ಕಾಶ್ಯಪ ತನ್ನ ಮಲತಮ್ಮನ ಸೇಡಿಗೆ ಹೆದರಿ ಸಿಗಿರಿಯದ ಬಂಡೆಯ ಮೇಲೆ ಅರಮನೆ ಕಟ್ಟಿಕೊಂಡ. ತಂದೆಯ ಕೆರೆ ನೋಡಿ ಮಗನ ಬಂಡೆ ಹತ್ತಿದರೆ ಎರಡರ ಅರ್ಥವೂ ಬೇರೆಯಾಗಿ ಕಾಣುತ್ತದೆ. ಬಂಡೆಯ ಅರಮನೆ ಬರಿಯ ಇಟ್ಟಿಗೆಯ ಅಡಿಪಾಯವಾಗಿ ಉಳಿದಿದೆ. ಹಾಳಾಗಿದ್ದ ಕೆರೆಯನ್ನು 19ನೇ ಶತಮಾನದ ಕೊನೆಗೆ ದುರಸ್ತಿ ಮಾಡಿದರು, ಇಂದಿಗೂ ಗದ್ದೆಗೆ ನೀರು ಹರಿಸುತ್ತಿದೆ.

ಕಲಾ ವೇವದಿಂದ ಹೊರಡುವ ಜಯಗಂಗಾ ಎಂಬ ಕಾಲುವೆಯನ್ನು ನೋಡಲು ನಾನು ಎಷ್ಟೋ ವರ್ಷದಿಂದ ಕಾದಿದ್ದೆ. ಸುಮಾರು 87 ಕಿಲೋಮೀಟರ್ ಸುತ್ತಿ ಬಳಸಿ ಅನುರಾಧಪುರದ ತಿಸ್ಸ ವೇವ ಕೆರೆಗೆ ನೀರು ಮುಟ್ಟಿಸುವ ಕಾಲುವೆ. ಮೊದಲ 17 ಮೈಲಿಯಲ್ಲಿ ಇದರ ಇಳಿಜಾರು ಮೈಲಿಗೆ ಆರೇ ಅಂಗುಲ. ಅಂದರೆ ಕಿಲೋಮೀಟರಿಗೆ ಹತ್ತು ಸೆಂಟಿಮೀಟರ್ ಕೂಡ ಇಲ್ಲ. ಲೆವೆಲ್ ಯಂತ್ರ ಹಿಡಿದು ಬಿಸಿಲಲ್ಲಿ ನಿಂತು ಕಾಲುವೆಗೆ ಮಟ್ಟ ಕೊಟ್ಟವರಿಗೆ ಇದೆಂಥ ಕೆಲಸ ಎಂದು ಗೊತ್ತು. ಸ್ವಲ್ಪ ಹೆಚ್ಚಾದರೆ ದಡ ಕೊರೆಯುತ್ತದೆ, ಸ್ವಲ್ಪ ಕಡಿಮೆಯಾದರೆ ಹೂಳು ತುಂಬುತ್ತದೆ. ಇನ್ನೊಂದು ವಿಶೇಷ: ಕಾಲುವೆಗೆ ಏರಿ ಇರುವುದು ತಗ್ಗಿನ ಬದಿಗೆ ಮಾತ್ರ. ಮೇಲಿನ ಬದಿ ತೆರೆದೇ ಇದೆ, ದಾರಿಯುದ್ದಕ್ಕೂ ಬಿದ್ದ ಮಳೆ ಹರಿದು ಬಂದು ಕಾಲುವೆ ಸೇರಲೆಂದು. ಏರಿಯ ಮೇಲೆ ನಿಂತು ಯಜಮಾನರಿಗೆ ಇದನ್ನೆಲ್ಲ ವಿವರಿಸುವಾಗ ನನ್ನ ಗಂಟಲು ಕಟ್ಟಿತ್ತು. ಹೆಸರೂ ಉಳಿಯದ ಯಾರೋ ಎಂಜಿನಿಯರ್ ಇಲ್ಲಿ ಹದಿನೈದು ನೂರು ವರ್ಷದ ಹಿಂದೆ ಮಟ್ಟ ಹಿಡಿದಿದ್ದಾನೆ. ಹತ್ತಿರದಲ್ಲೇ ಅವುಕನ ಬುದ್ಧನಿದ್ದಾನೆ: ಒಂದೇ ಬಂಡೆಯಲ್ಲಿ ಕಡೆದ, ಸುಮಾರು 12 ಮೀಟರ್ ಎತ್ತರದ ನಿಂತ ಮೂರ್ತಿ. ಪ್ರವಾಸಿ ಬಸ್ಸುಗಳು ಬರುವುದು ಕಡಿಮೆ. ಬೆಳಗಿನ ಬಿಸಿಲು ಮುಖಕ್ಕೆ ಬೀಳುವಾಗ ಹೋಗಿ.

ಸಿಗಿರಿಯಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ತಲುಪಬೇಕು. ಮೆಟ್ಟಿಲು ಸುಮಾರು 1,200. ಹತ್ತು ಗಂಟೆಯ ಮೇಲೆ ಬಂಡೆ ಕಾದು ಹೆಂಚಾಗುತ್ತದೆ. ಸೆಕೆಯಷ್ಟೇ ಅಲ್ಲ, ಬಂಡೆಯ ಪೊಟರೆಗಳಲ್ಲಿ ಕಣಜದ ಗೂಡುಗಳಿವೆ. ಗದ್ದಲ ಮಾಡಬೇಡಿ ಎಂಬ ಫಲಕಗಳನ್ನು ಗಂಭೀರವಾಗಿ ತೆಗೆದುಕೊಳ್ಳಿ. ಮಂಡಿನೋವಿನ ಅಕ್ಕ ಮೇಲೆ ಹತ್ತಲಿಲ್ಲ. ಆದರೆ ಕೆಳಗೇ ಅವಳಿಗೆ ಬೇಕಾದಷ್ಟಿತ್ತು. ಬಂಡೆಯ ಬುಡದ ನೀರಿನ ತೋಟಗಳು ಏಷ್ಯಾದ ಅತಿ ಹಳೆಯ ಉದ್ಯಾನಗಳ ಪೈಕಿ. ಸಮನಾದ ಕೊಳಗಳು, ನೆಲದೊಳಗಿನ ಕೊಳವೆ, ತೂತು ಕೊರೆದ ಸುಣ್ಣಕಲ್ಲಿನ ತಟ್ಟೆಗಳ ಕಾರಂಜಿ. ಮಳೆಗಾಲದಲ್ಲಿ ನೀರು ತುಂಬಿದಾಗ ಆ ಕಾರಂಜಿಗಳು ಈಗಲೂ ಚಿಮ್ಮುತ್ತವೆ, ಯಾವ ಪಂಪೂ ಇಲ್ಲದೆ, ಬರಿಯ ಮಟ್ಟದ ವ್ಯತ್ಯಾಸದಿಂದ. ಹತ್ತಲಾಗದವರನ್ನು ಹೋಟೆಲಿನಲ್ಲೇ ಬಿಟ್ಟು ಬರಬೇಡಿ. ತೋಟ ನೋಡಿ, ನೆರಳಲ್ಲಿ ಕೂತು, ಬಾಗಿಲ ಬಳಿಯ ಮ್ಯೂಸಿಯಂನಲ್ಲಿ ಮೇಲಿನ ಚಿತ್ರಗಳ ಪ್ರತಿಗಳನ್ನು ನೋಡಲಿ.

ಹತ್ತುವವರು ಅಪ್ಸರೆಯರ ಬಣ್ಣದ ಚಿತ್ರಗಳಿಗೆ ಓಡುತ್ತಾರೆ. ಅಲ್ಲಿ ಫೋಟೊ ತೆಗೆಯುವಂತಿಲ್ಲ. ಅದರ ಕೆಳಗಿನ ಕನ್ನಡಿಗೋಡೆಯ ಹತ್ತಿರ ತುಸು ನಿಲ್ಲಿ. ನಯವಾಗಿ ಗಾರೆ ತಿಕ್ಕಿದ ಆ ಗೋಡೆಯ ಮೇಲೆ ಶತಮಾನಗಳ ಕಾಲ ಬಂದುಹೋದ ಸಾಮಾನ್ಯ ಜನ ಸಿಂಹಳದಲ್ಲಿ ಪದ್ಯ ಗೀರಿದ್ದಾರೆ. ಚಿತ್ರದ ಹೆಣ್ಣುಗಳನ್ನು ಹೊಗಳಿದವರು, ಅವರು ಮಾತಾಡಲಿಲ್ಲವೆಂದು ಮುನಿದವರು, ಭಿಕ್ಷುಗಳು, ಸೈನಿಕರು, ಹೆಂಗಸರು. ಪುರಾತತ್ವಜ್ಞ ಸೆನರತ್ ಪರಣವಿತಾನ ಇಂಥ 685 ಬರಹಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಹಳೆಯ ಸಿಂಹಳ ಕಾವ್ಯದ ದೊಡ್ಡ ಭಂಡಾರ ಈಗ ಈ ಗೋಡೆಯೇ. ಇಂದು ಅಲ್ಲಿ ಹೆಸರು ಕೆತ್ತಿದರೆ ಜೈಲು, ಅದು ಸರಿಯೇ.

ಪೊಲೊನ್ನರುವಕ್ಕೆ ಪೂರ್ತಿ ಒಂದು ದಿನ ಇಡಿ. ನೆಲ ಸಮತಟ್ಟು, ಬಾಡಿಗೆ ಸೈಕಲ್ ಸಿಗುತ್ತದೆ. 1017ರ ಹೊತ್ತಿಗೆ ಚೋಳರು ಅನುರಾಧಪುರದ ಅರಸನನ್ನು ಹಿಡಿದುಕೊಂಡು ಹೋಗಿ ಈ ಊರನ್ನು ತಮ್ಮ ಕೇಂದ್ರ ಮಾಡಿಕೊಂಡರು. ಅವರು ಕಟ್ಟಿದ ಕಲ್ಲಿನ ಶಿವಾಲಯ ಇನ್ನೂ ಗಟ್ಟಿಯಾಗಿ ನಿಂತಿದೆ. ತಮಿಳುನಾಡಿನ ಗುಡಿಯೇ ಇಲ್ಲಿಗೆ ನಡೆದು ಬಂದಂತಿದೆ. 1070ರ ಸುಮಾರಿಗೆ ಅವರನ್ನು ಹೊರಗಟ್ಟಿದ ಒಂದನೆಯ ವಿಜಯಬಾಹು ನಮ್ಮ ಕರ್ಣಾಟದ ದೊರೆಗೆ ಉಡುಗೊರೆ ಕೊಟ್ಟು ದೂತರನ್ನು ಕಳಿಸಿದ್ದ. ನಡುದಾರಿಯಲ್ಲಿ ಚೋಳರು ಆ ದೂತರ ಕಿವಿ ಮೂಗು ಕೊಯ್ದರೆಂದು ಚೂಳವಂಶ ಹೇಳುತ್ತದೆ. ಆ ದೊರೆ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನೆಂದು ಇತಿಹಾಸಕಾರರು ಗುರುತಿಸುತ್ತಾರೆ. ಬಳ್ಳಿಗಾವೆಯ ಗುಡಿಗಳ ಸುತ್ತ ಕೆಲಸ ಮಾಡಿದ ನನಗೆ, ಅದೇ ವಿಕ್ರಮಾದಿತ್ಯನ ಹೆಸರು ಕಡಲಾಚೆ ಎದುರಾದದ್ದು ಪುಳಕ ತಂದಿತು.

ಗಲ್ ವಿಹಾರದ ಬುದ್ಧರನ್ನು ಬರೆದು ತಿಳಿಸಲಾರೆ. ಒಂದೇ ಬಂಡೆಯಲ್ಲಿ ಕೂತದ್ದು, ನಿಂತದ್ದು, ಹದಿನಾಲ್ಕು ಮೀಟರ್ ಉದ್ದಕ್ಕೆ ಒರಗಿದ್ದು. ಒರಗಿದ ಬುದ್ಧನ ತಲೆಯ ಭಾರಕ್ಕೆ ದಿಂಬು ತಗ್ಗಿರುವುದನ್ನೂ ಶಿಲ್ಪಿ ಕಲ್ಲಿನಲ್ಲಿ ತೋರಿಸಿದ್ದಾನೆ. ಯಜಮಾನರು ಅಲ್ಲಿ ಮರದ ನೆರಳಲ್ಲಿ ಕೂತವರು ಏಳಲೇ ಇಲ್ಲ. ಇದನ್ನು ಕಡೆಸಿದ ಅರಸ ಪರಾಕ್ರಮಬಾಹು (1153–1186) ಮಳೆಯ ನೀರು ಉಪಯೋಗವಿಲ್ಲದೆ ಸಮುದ್ರ ಸೇರಬಾರದು ಎಂದು ಹಟ ತೊಟ್ಟವನು. ಹಳೆಯ ಕೆರೆಗಳನ್ನು ಕೂಡಿಸಿ, ಹಿಗ್ಗಿಸಿ ಅವನು ಮಾಡಿದ ಪರಾಕ್ರಮ ಸಮುದ್ರದ ಏರಿ 14 ಕಿಲೋಮೀಟರ್ ಹತ್ತಿರ. ಸಂಜೆ ಆ ಏರಿಯ ಮೇಲೆ ನಡೆಯಿರಿ, ಟಿಕೆಟ್ ಬೇಕಿಲ್ಲ.

ಇಲ್ಲಿನ ತೂಬಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಮ್ಮ ಹಳೆಯ ಕೆರೆಗಳಲ್ಲಿ ಎರಡು ಕಲ್ಲುಕಂಬಗಳ ನಡುವೆ ಗೂಟ ಎತ್ತಿ ನೀರು ಬಿಡುವ ತೂಬನ್ನು ನೀವು ನೋಡಿರಬಹುದು. ಕೆರೆ ತುಂಬ ಆಳವಾದರೆ ನೀರಿನ ಒತ್ತಡ ಹೆಚ್ಚಿ, ಏರಿಯೊಳಗಿನ ಕಾಲುವೆಯನ್ನೇ ಕಿತ್ತುಕೊಂಡು ಹೋಗುವ ಅಪಾಯ. ಲಂಕೆಯವರು ಏರಿಯ ಒಳಬದಿಗೆ ಚೌಕಾಕಾರದ ಕಲ್ಲುಕಟ್ಟಡದ ಬಾವಿ ಕಟ್ಟಿದರು. ಬಿಸೊಕೊಟುವ ಎಂದು ಅದರ ಹೆಸರು. ಕೆರೆಯ ನೀರು ಮೊದಲು ಆ ಬಾವಿಗೆ ಬಂದು ರಭಸ ಕಳೆದುಕೊಳ್ಳುತ್ತದೆ. ಎಷ್ಟು ಬೇಕೋ ಅಷ್ಟನ್ನು ಅಲ್ಲಿಂದ ಕಾಲುವೆಗೆ ಬಿಡುತ್ತಾರೆ. ಹೆನ್ರಿ ಪಾರ್ಕರ್ ಎಂಬ ಬ್ರಿಟಿಷ್ ನೀರಾವರಿ ಎಂಜಿನಿಯರ್ ಈ ಬಾವಿಗಳನ್ನು ಅಳೆದು ನೋಡಿ, ಇಂದಿನ ಜಲಾಶಯಗಳ ವಾಲ್ವ್ ಗುಂಡಿಗಳಿಗೆ ಇವೇ ಮೂಲಪುರುಷರೆಂದು 1909ರ ತನ್ನ ಪುಸ್ತಕದಲ್ಲಿ ಬರೆದ. ಆಗಸ್ಟ್‌ನಲ್ಲಿ ಕೆರೆಗಳ ನೀರು ತಗ್ಗಿರುವುದರಿಂದ ಇವು ಚೆನ್ನಾಗಿ ಕಾಣುತ್ತವೆ. ಅಲೆಯಿಂದ ಏರಿ ಕರಗದಂತೆ ಹಾಕಿದ ಕಲ್ಲಿನ ಪಿಚಿಂಗ್ ಕೂಡ.

ನಾನು ತೂಬು ಕಂಡಲ್ಲೆಲ್ಲ ಕಾರು ನಿಲ್ಲಿಸುವುದನ್ನು ನೋಡಿ ಚಾಲಕ ಒಂದು ದಿನ, "ನೋನಾ, ನನ್ನ ತಾತ ನಮ್ಮೂರಿನ ವೆಲ್ ವಿದಾನೆ ಆಗಿದ್ದರು," ಎಂದ. ನೋನಾ ಎಂದರೆ ಅಮ್ಮಾವ್ರು. ವೆಲ್ ವಿದಾನೆ ನಮ್ಮ ನೀರುಗಂಟಿಯ ಹಾಗೆ: ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವವನು. ಆಮೇಲೆ ಅವನೇ ಪಟ್ಟಿಯಲ್ಲಿಲ್ಲದ ಹಳ್ಳಿಯ ಕೆರೆಯೊಂದಕ್ಕೆ ಕರೆದುಕೊಂಡು ಹೋದ. ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರದು ಇನ್ನೊಂದಕ್ಕೆ. ನಮ್ಮ ಬಯಲುಸೀಮೆಯ ಸರಣಿ ಕೆರೆಗಳದೇ ಕ್ರಮ. ಏರಿಯ ಹಿಂದೆ ಒಂದು ಪಟ್ಟಿ ಮರಗಳನ್ನು ಯಾರೂ ಕಡಿಯದೆ ಉಳಿಸಿದ್ದರು. ಜಿನುಗುವ ನೀರಿನ ಉಪ್ಪಿನಂಶ ಹೀರಿಕೊಂಡು ಗದ್ದೆಯನ್ನು ಕಾಪಾಡಲು. ನಮ್ಮಲ್ಲಿ ಆ ಜಾಗಗಳು ಎಂದೋ ಒತ್ತುವರಿಯಾಗಿವೆ. ನಿಮ್ಮ ಚಾಲಕನನ್ನೂ ಅವನ ಊರಿನ ಕೆರೆಯ ಬಗ್ಗೆ ಕೇಳಿ, ಕರೆದುಕೊಂಡು ಹೋಗುತ್ತಾನೆ.

ಮಿನ್ನೇರಿಯ ಕೆರೆ ಮಹಾಸೇನ ಅರಸ 3ನೇ ಶತಮಾನದ ಕೊನೆಗೆ ಕಟ್ಟಿಸಿದ್ದು. ಜುಲೈನಿಂದ ನೀರು ಹಿಂದೆ ಸರಿದಂತೆ ಕೆರೆಯಂಗಳದಲ್ಲಿ ಎಳೆ ಹುಲ್ಲು ಹುಟ್ಟುತ್ತದೆ. ಸುತ್ತಲ ಕಾಡು ಒಣಗಿರುವುದರಿಂದ ಆನೆಗಳು ನೂರರ ಲೆಕ್ಕದಲ್ಲಿ ಬಂದು ಸೇರುತ್ತವೆ. ಆಗಸ್ಟ್, ಸೆಪ್ಟೆಂಬರ್ ಇದಕ್ಕೆ ಒಳ್ಳೆಯ ಕಾಲ. ಇತ್ತೀಚೆಗೆ ಮೇಲಿನ ಮೊರಗಹಕಂದ ಜಲಾಶಯದಿಂದ ನೀರು ಬಿಟ್ಟಾಗ ಹುಲ್ಲು ಮುಳುಗಿ, ಹಿಂಡುಗಳು ಪಕ್ಕದ ಕೌಡುಲ್ಲ ಕಡೆ ಹೋಗುತ್ತವೆ. ಆದ್ದರಿಂದ ಯಾವ ಅರಣ್ಯ ಎಂಬುದನ್ನು ಬೆಂಗಳೂರಿನಿಂದಲೇ ಬುಕ್ ಮಾಡಬೇಡಿ. ಅಂದು ಮಧ್ಯಾಹ್ನ ಹಬರಣದ ಜೀಪಿನವರು ಎಲ್ಲಿಗೆ ಹೋಗುತ್ತಿದ್ದಾರೋ ಅಲ್ಲಿಗೆ ಹೋಗಿ. ಆನೆಯ ಹತ್ತಿರಕ್ಕೆ ನುಗ್ಗಿಸಬೇಡ ಎಂದು ಹೊರಡುವ ಮೊದಲೇ ಹೇಳಿಬಿಡಿ.

ಅನುರಾಧಪುರ ನೋಡುವ ಊರಷ್ಟೇ ಅಲ್ಲ, ಪೂಜೆ ನಡೆಯುವ ಊರು. ಬೋಧಗಯೆಯ ಮರದ ರೆಂಬೆಯನ್ನು ಅಶೋಕನ ಮಗಳು ಸಂಘಮಿತ್ರೆ ತಂದಳೆಂದು ಹೇಳುವ ಮಹಾಬೋಧಿ ಇಲ್ಲಿದೆ. ಬಿಳಿ ಬಟ್ಟೆಯುಟ್ಟ ಜನ ಹೂವು ಹಿಡಿದು ಬರುತ್ತಾರೆ. ನೀವೂ ತಿಳಿ ಬಣ್ಣದ, ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದು ಅವರಿಗೆ ತೀರ ನೋವಿನ ವಿಷಯ. ಚಪ್ಪಲಿ ಬಿಟ್ಟು ನಡೆಯಬೇಕಾದ್ದರಿಂದ ದಪ್ಪ ಕಾಲುಚೀಲ ಇರಲಿ, ಮಧ್ಯಾಹ್ನದ ಕಲ್ಲುಹಾಸು ಸುಡುತ್ತದೆ. ಜೇತವನದ ಸ್ತೂಪ ಕಟ್ಟಿದ ಕಾಲಕ್ಕೆ 122 ಮೀಟರ್ ಎತ್ತರವಿತ್ತು, ಒಂಬತ್ತು ಕೋಟಿಗೂ ಹೆಚ್ಚು ಇಟ್ಟಿಗೆ ಹಿಡಿದಿವೆ ಎಂದು ಅಂದಾಜು. ಆ ಕಾಲದ ಜಗತ್ತಿನಲ್ಲಿ ಈಜಿಪ್ಟಿನ ಎರಡು ಪಿರಮಿಡ್ಡು ಬಿಟ್ಟರೆ ಇದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲವೆನ್ನುತ್ತಾರೆ. ಪ್ರತಿ ಹುಣ್ಣಿಮೆಯೂ ಇಲ್ಲಿ ಪೋಯ ಎಂಬ ಸರ್ಕಾರಿ ರಜೆ. ಜೂನ್ ಹುಣ್ಣಿಮೆಗೆ ಅನುರಾಧಪುರ ಮತ್ತು ಮಿಹಿಂತಲೆಯಲ್ಲಿ ಜನಸಾಗರ. ಪಂಚಾಂಗ ನೋಡಿಯೇ ದಿನ ಗೊತ್ತುಮಾಡಿ.

ಟಿಕೆಟ್‌ಗಳ ಮಾತು ಇಲ್ಲೇ ಹೇಳಿಬಿಡುವೆ. ಸ್ಮಾರಕಗಳ ವಿದೇಶಿ ದರ ಡಾಲರ್ ಲೆಕ್ಕದಲ್ಲಿದೆ, ನಮಗೆ ಭಾರವೇ. ಸಾರ್ಕ್ ದೇಶದವರಿಗೆ ಹಲವು ಕಡೆ ರಿಯಾಯಿತಿ ಇರುವುದರಿಂದ ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ, ಕೌಂಟರಿನಲ್ಲಿ ನೀವಾಗಿಯೇ ಕೇಳಿ. ವೀಸಾ ನಿಯಮ, ಶುಲ್ಕ ಮೇಲಿಂದ ಮೇಲೆ ಬದಲಾಗುತ್ತವೆ. ಅಲ್ಲಿನ ಸರ್ಕಾರದ ಇಟಿಎ ತಾಣದಲ್ಲಷ್ಟೇ ಅರ್ಜಿ ಹಾಕಿ.

ಕೆರೆನಾಡಿನಿಂದ ಕ್ಯಾಂಡಿಗೆ ಎರಡೂವರೆ ಗಂಟೆ. ಬುದ್ಧನ ದಂತಧಾತುವಿನ ಗುಡಿಗೆ ಸಂಜೆಯ ಪೂಜೆಯ ಹೊತ್ತಿಗೆ ಹೋಗಿ, ಡೋಲು ಕೇಳಿ. ಎದುರಿನ ಕೊಳವನ್ನು 1807ರಲ್ಲಿ ಮಾಡಿಸಿದ ಶ್ರೀ ವಿಕ್ರಮ ರಾಜಸಿಂಹ ಲಂಕೆಯ ಕೊನೆಯ ಅರಸು, ಮದುರೆಯ ನಾಯಕರ ಸಂಬಂಧಿ. 1815ರಲ್ಲಿ ಬ್ರಿಟಿಷರು ಅವನನ್ನು ಇಳಿಸಿ ವೆಲ್ಲೂರಿಗೆ ಸಾಗಿಸಿದರು, ಅಲ್ಲೇ ತೀರಿಕೊಂಡ. ಜುಲೈ-ಆಗಸ್ಟ್‌ನಲ್ಲಿ ನಡೆಯುವ ಎಸಲ ಪೆರಹೆರ ಮೆರವಣಿಗೆಯ ರಾತ್ರಿಗಳಿಗೆ ನಿಮ್ಮ ದಿನ ಕೂಡಿಬಂದರೆ ಕೋಣೆಯನ್ನು ಹಲವು ತಿಂಗಳ ಮುಂಚೆ ಹಿಡಿಯಿರಿ. ಊಟಕ್ಕೆ ಕೃಷಿ ಇಲಾಖೆಯ ಬೆಂಬಲದಿಂದ ಹೆಂಗಸರು ನಡೆಸುವ ಹೆಲ ಬೊಜುನ್ ಮಳಿಗೆಗಳನ್ನು ಹುಡುಕಿ; ಪೆರಾದೆಣಿಯದ ಸಸ್ಯೋದ್ಯಾನದ ಹತ್ತಿರ ಗನ್ನೊರುವದಲ್ಲಿ ಒಂದಿದೆ. ರಾಗಿಯನ್ನು ಅವರು ಕುರಕ್ಕನ್ ಎನ್ನುತ್ತಾರೆ. ರೊಟ್ಟಿಯೂ ಉಂಟು, ಮುದ್ದೆಯಂಥ ತಲಪವೂ ಉಂಟು. ಅಪ್ಪ, ಒತ್ತು ಶಾವಿಗೆ, ಹಲಸಿನಕಾಯಿ ಪಲ್ಯ, ಬೇಳೆ, ಕಾಯಿಹಾಲಿನ ಸಾರು. ಸಸ್ಯಾಹಾರಿಗಳು ಹಸಿವಿನಿಂದ ಇರಬೇಕಿಲ್ಲ. ಎಚ್ಚರ ಬೇಕಾದದ್ದು ಒಂದೇ: ತೆಂಗಿನ ಚಟ್ನಿಯಂಥ ಪೋಲ್ ಸಂಬೋಲದಲ್ಲೂ ತರಕಾರಿ ಪಲ್ಯದಲ್ಲೂ ಒಣಮೀನಿನ ಚೂರು ಹಾಕುವ ರೂಢಿಯಿದೆ. "ಉಂಬಲಕಡ ಎಪಾ" ಎಂದರೆ ಒಣಮೀನು ಬೇಡ ಎಂದು. ಕೊನೆಗೆ ಎಮ್ಮೆಯ ಗಟ್ಟಿ ಮೊಸರಿಗೆ ಬೈನೆ ಮರದ ಜೋನಿ ಸುರಿದು ಕೊಡುತ್ತಾರೆ. ಅಕ್ಕ ಅದನ್ನು ದಿನಕ್ಕೆರಡು ಹೊತ್ತು ತಿಂದಳು.

ಕ್ಯಾಂಡಿಯಿಂದ ಎಲ್ಲ ಎಂಬ ಬೆಟ್ಟದೂರಿಗೆ ಹೋಗುವ ರೈಲಿನ ಕಾಯ್ದಿರಿಸುವಿಕೆ 30 ದಿನ ಮುಂಚೆ ತೆರೆಯುತ್ತದೆ, ತೆರೆದ ಹೊತ್ತಿಗೇ ಮುಗಿಯುತ್ತದೆ. ಎಸಿ ಬೋಗಿಯ ಕಿಟಕಿ ತೆರೆಯುವುದಿಲ್ಲ. ಎರಡನೇ ದರ್ಜೆಯೇ ಮೇಲು. ಆರೇಳು ಗಂಟೆ ಕೂರಲಾಗದಿದ್ದರೆ ನಾನುಓಯ ಎಂಬ ನಿಲ್ದಾಣದವರೆಗೆ ಕಾರಿನಲ್ಲಿ ಹೋಗಿ, ಅಲ್ಲಿಂದ ಎಲ್ಲದವರೆಗಿನ ತುಂಡು ಹಾದಿಗೆ ಮಾತ್ರ ರೈಲು ಹತ್ತಿ. ಚೆಲುವೆಲ್ಲ ಅಲ್ಲೇ ಇದೆ. ಪಟ್ಟಿಪೊಲ ನಿಲ್ದಾಣ 1,891 ಮೀಟರ್ ಎತ್ತರದಲ್ಲಿದೆ. ಮಳೆಗಾಲದಲ್ಲಿ ಭೂಕುಸಿತದಿಂದ ಈ ಹಳಿ ಮುಚ್ಚುವುದುಂಟು, ವಿಚಾರಿಸಿಕೊಂಡೇ ಹೊರಡಿ. ಬಾಗಿಲಲ್ಲಿ ನೇತಾಡಿ ವಿಡಿಯೊ ಮಾಡುವವರು ಸುರಂಗದ ಗೋಡೆಗೆ, ಕಂಬಕ್ಕೆ ಬಡಿದು ಸತ್ತಿದ್ದಾರೆ. ಮಕ್ಕಳ ಕೈ ಬಿಡಬೇಡಿ.

ಈ ಬೆಟ್ಟಗಳಲ್ಲಿ ಮೊದಲು ಇದ್ದದ್ದು ಕಾಫಿ. 1869ರಲ್ಲಿ ಕಂಡ ಎಲೆ ತುಕ್ಕು ರೋಗ ಅದನ್ನು ನುಂಗಿತು. ಅದಕ್ಕೆ ಎರಡು ವರ್ಷ ಮೊದಲೇ ಜೇಮ್ಸ್ ಟೇಲರ್ ಎಂಬಾತ ಲೂಲಕಂದೆರ ತೋಟದಲ್ಲಿ ಚಹಾ ಹಾಕಿದ್ದ. ಎಲೆ ಕೀಳಲು ತಮಿಳುನಾಡಿನಿಂದ ಬಡವರನ್ನು ಕರೆತಂದರು. ದೇಶ ಸ್ವತಂತ್ರವಾದ 1948ರಲ್ಲೇ ಪೌರತ್ವ ಕಾಯ್ದೆ ಆ ಜನರಲ್ಲಿ ಬಹುಪಾಲು ಮಂದಿಯನ್ನು ಎಲ್ಲಿಯವರೂ ಅಲ್ಲದವರನ್ನಾಗಿ ಮಾಡಿತು. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ಮೇಲೆ ಲಕ್ಷಾಂತರ ಜನ ಭಾರತಕ್ಕೆ ಬಂದರು. ಅವರಲ್ಲಿ ಕೆಲವರಿಗೆ ನಮ್ಮ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟು ನೆಲೆ ಮಾಡಿಸಿದರು, ಅವರ ಮಕ್ಕಳು ಮೊಮ್ಮಕ್ಕಳು ಇಂದು ದಕ್ಷಿಣ ಕನ್ನಡದವರು. ಚಹಾ ತೋಟದಲ್ಲಿ ಬುಟ್ಟಿ ಹೊತ್ತ ಹೆಂಗಸಿನ ಫೋಟೊ ತೆಗೆಯುವ ಮುನ್ನ ನಿಂತು ಮಾತಾಡಿಸಿ. ಅಕ್ಕ ತನಗೆ ಬರುವ ಅಷ್ಟಿಷ್ಟು ತಮಿಳಿನಲ್ಲಿ ಮಾತಾಡಿಸಿದ್ದಕ್ಕೆ ಅವರು ಲೈನ್ ಮನೆಗೆ ಕರೆದು ಚಹಾ ಕೊಟ್ಟರು. ಹತ್ತಡಿ ಅಗಲದ ಕೋಣೆ, ಆರು ಜನರ ಸಂಸಾರ.

ಗಾಲೆಯ ಕೋಟೆ ಡಿಸೆಂಬರ್-ಮಾರ್ಚ್‌ನವರಿಗೆ. ಪೋರ್ಚುಗೀಸರು ಶುರುಮಾಡಿ ಡಚ್ಚರು ಬೆಳೆಸಿದ ಕೋಟೆಯೊಳಗೆ ಇನ್ನೂ ಜನ ವಾಸವಾಗಿದ್ದಾರೆ. 2004ರ ಸುನಾಮಿಯಲ್ಲಿ ಹೊರಗಿನ ಊರು ಕೊಚ್ಚಿಹೋದರೂ ಗೋಡೆ ಒಳಗಿನವರನ್ನು ಕಾಯಿತು. ಆಗಸ್ಟ್‌ನಲ್ಲಿ ಹೋಗುವವರು ಅದನ್ನು ಬಿಡಿ, ತ್ರಿಂಕೋಮಲಿಯ ಕೋಣೇಶ್ವರ ಗುಡಿಗೆ ಹೋಗಿ. ಎರಡನ್ನೂ ಒಂದೇ ಪ್ರವಾಸಕ್ಕೆ ತುರುಕಬೇಡಿ.

ನಾವು ಜಾಫ್ನಾವನ್ನೂ ಬಿಟ್ಟೆವು. ಅಂತರ್ಯುದ್ಧದ ಕಾಲದಲ್ಲಿ ನಿಂತುಹೋಗಿ 2014ರಲ್ಲಿ ಮತ್ತೆ ಶುರುವಾದ ರೈಲು ಅನುರಾಧಪುರದ ಮೂಲಕವೇ ಅಲ್ಲಿಗೆ ಹೋಗುತ್ತದೆ. ಈಗ ಊಟದ ಮೇಜಿನ ಮೇಲೆ ಭೂಪಟ ಮತ್ತೆ ಹರಡಿದೆ. ಈ ಸಲ ಫೆಬ್ರುವರಿ. ಈಶಾನ್ಯದ ಮಳೆ ಮುಗಿದು, ಕೆರೆಗಳು ತುಂಬಿ, ‘ಮಹಾ’ ಎಂಬ ಈ ಮಳೆಯ ಹಂಗಾಮಿನ ಭತ್ತ ತೆನೆ ಬಿಟ್ಟಿರುವ ಹೊತ್ತು. ಅನುರಾಧಪುರದಲ್ಲಿ ಬಿಡಾರ, ಜಯಗಂಗಾ ಏರಿಯ ಮೇಲೆ ಸೈಕಲ್, ಅಲ್ಲಿಂದ ಜಾಫ್ನಾ ರೈಲು. ಕಲಾ ವೇವ ಕೋಡಿ ಬೀಳುವುದು ಸಾಮಾನ್ಯವಾಗಿ ಯಾವಾಗ ಎಂದು ಚಾಲಕನನ್ನು ಕೇಳಿದ್ದೇನೆ, ಅವನು ಊರಿನವರನ್ನು ಕೇಳಿ ಹೇಳುತ್ತಾನೆ. ಆಮೇಲೆಯೇ ವಿಮಾನದ ಟಿಕೆಟ್.